ಬೀಜ ಉಳಿದ ಪಾಕ

ಕಳೆದ ವಾರ ಒಲೆಯ ಮೇಲಿಟ್ಟ ಸಕ್ಕರೆ ಪಾಕವನ್ನು ಮರೆತೆ. ಸೀದ ವಾಸನೆ ಬಂದಾಗ ನೆನಪಾದದ್ದು ಹುಕ್ಕೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕಿ. ಓಣಿಗೆಲ್ಲ ಆಕೆ ‘ಆಯಿ’.

ಇಸವಿ ಖಚಿತವಿಲ್ಲ. ಎರಡನೆಯ ಮಹಾಯುದ್ಧ ಮುಗಿದಿರಲಿಲ್ಲ, ಸಕ್ಕರೆ ರೇಷನ್ನಿಗೆ ಬಂದಿತ್ತು. ನನ್ನ ಟಿಪ್ಪಣಿಯಲ್ಲಿ ‘ಸಂಕ್ರಾಂತಿ ರಜೆ’ ಎಂದಷ್ಟೇ ಇದೆ. ಭೂವಿಜ್ಞಾನದ ವಿದ್ಯಾರ್ಥಿಯಾಗಿದ್ದ ನಾನು ಉಲ್ಕಾಶಿಲೆಯೊಂದರ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದು ತಂದಿದ್ದೆ. ಅದರ ತುಂಬ ಸಾಸಿವೆಯಂಥ ಗುಂಡುಗಳು. ಎಂದೋ ಕರಗಿ, ಹನಿಯಾಗಿ, ಗಟ್ಟಿಯಾದವು. ಕೆಲವುಗಳೊಳಗೆ ದಪ್ಪ ಹರಳು, ಕೆಲವುಗಳೊಳಗೆ ಸಣ್ಣ ಪಟ್ಟಿಯಂಥ ಹರಳು. ದಪ್ಪ ಹರಳಿನವು ನಿಧಾನವಾಗಿ ಆರಿರಬೇಕು ಎಂದು ಬರೆದುಕೊಂಡಿದ್ದೆ.

ಆಯಿ ಆಗ ಕುಸರೆಳ್ಳು ಮಾಡುತ್ತಿದ್ದರು. ಎಳ್ಳಿಗೆ ಪಾಕ ಹನಿಸಿ, ಕೈಯಾಡಿಸಿ, ಬೆಳ್ಳಗೆ ಬೆಳೆಸುವ ಕೆಲಸ. ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ ಕೊರಳಿಗೆ ಹಾಕಲು ಅದರದೇ ಎರಡೆಳೆಯ ಸರ ಆಗಬೇಕಿತ್ತು. ತಿಂಗಳುಗಟ್ಟಲೆ ಉಳಿಸಿದ ಸಕ್ಕರೆ. ನನ್ನ ಚಿತ್ರವನ್ನೂ ವಾದವನ್ನೂ ಕೇಳಿ ನಕ್ಕರು.

“ಹೊತ್ತಿನ ಮಾತಲ್ಲೋ ತಮ್ಮಾ. ಬೀಜ ಉಳದೈತೋ ಇಲ್ಲೋ, ಅಷ್ಟ ನೋಡು.”

ಕರಗದೆ ಉಳಿದ ಸಕ್ಕರೆ ಕಣಕ್ಕೆ ಆಕೆಯ ಮಾತಿನಲ್ಲಿ ‘ಬೀಜ’ ಎಂದು ಹೆಸರು. ಕಣ ಉಳಿದಿದ್ದ ಪಾಕದ ಒಂದು ಹನಿ, ಇನ್ನಷ್ಟು ಕಾಯಿಸಿ ಪೂರ್ತಿ ಕರಗಿಸಿದ್ದರ ಒಂದು ಹನಿ, ಒಂದೇ ತಾಟಿಗೆ ಬಿಟ್ಟರು. ಎರಡೂ ಜೊತೆಗೇ ಆರಿದವು. ಮೊದಲನೆಯದು ಹರಳುಗಟ್ಟಿತು, ಎರಡನೆಯದು ಗಾಜಿನಂತೆ ಉಳಿಯಿತು.

“ಒಂದ ಸಲಕ್ಕ ಹೆಂಗ ನಂಬ್ಲಿ, ಆಯೀ? ಇನ್ನೊಮ್ಮಿ ತೋರಿಸ್ರಿ.”

“ನಿಮ್ಮ ಮಾಸ್ತರ ಹೇಳಿದ್ದನ್ನೂ ಹಿಂಗ ಎರಡೆರಡ ಸಲ ಮಾಡ್ಸಿ ನೋಡ್ತೀಯೇನು?”

ಆದರೂ ಉಳಿದ ಸಕ್ಕರೆಯನ್ನೆಲ್ಲ ಬಾಣಲೆಗೆ ಹಾಕಿದರು. ಫಲಿತಾಂಶ ಅದೇ. ಆದರೆ ಪೂರ್ತಿ ಕರಗಲೆಂದು ಕಾಯಿಸುತ್ತ ಹೋದದ್ದರಿಂದ ಪಾಕ ಕೆಂಪಾಯಿತು. ಬಿಳಿ ಕುಸರೆಳ್ಳಿಗೆ ಬಾರದಾಯಿತು. ಅಷ್ಟರಲ್ಲಿ ಮಾಡಿ ಮುಗಿಸಿದ್ದು ಒಂದೆಳೆಗಾಗುವಷ್ಟೇ.

ಆಯಿ ಬಾಣಲೆಯನ್ನು ಒಲೆಯಿಂದ ಇಳಿಸಿದರು. “ಇರ್ಲಿ, ಸೊಸಿ ಕೊಳ್ಳಿಗೆ ಒಂದೆಳಿ ಸಾಕು. ನಿನಗ ಖರೆ ಆತಿಲ್ಲೋ?”

ಸಂಕ್ರಾಂತಿಯಂದು ಸೊಸೆ ಒಂದೇ ಎಳೆ ಹಾಕಿಕೊಂಡಿದ್ದಳು.

ಎಷ್ಟೋ ವರ್ಷಗಳ ನಂತರ ಕುಲುಮೆಯಲ್ಲಿ ಕಲ್ಲು ಕರಗಿಸಿ ನೋಡಿದ ವಿಜ್ಞಾನಿಗಳೂ ಇದನ್ನೇ ಕಂಡರು: ಕಾವು ಕೆಲವು ಕಣಗಳನ್ನು ಉಳಿಸಿದರೆ ದಪ್ಪ ಹರಳು, ಪೂರ್ತಿ ಕರಗಿಸಿದರೆ ಪಟ್ಟಿ. ಅದಕ್ಕೂ ಮೊದಲೇ ಈ ಊಹೆಯನ್ನು ನನ್ನದೆಂದು ಪ್ರಕಟಿಸಿದ್ದೆ. ಪ್ರಬಂಧದ ಕೊನೆಯಲ್ಲಿ ಸೂಕ್ಷ್ಮದರ್ಶಕ ಒದಗಿಸಿದವರಿಗೆ ಕೃತಜ್ಞತೆ ಹೇಳಿದ್ದೇನೆ.

ಈಗ ಅದಕ್ಕೆ ತಿದ್ದುಪಡಿ ಬರೆಯಲು ಕುಳಿತಿದ್ದೇನೆ. ಇಸವಿಯನ್ನು ರೇಷನ್ ದಾಖಲೆಗಳಿಂದ ಹುಡುಕಬಹುದು. ಆಯಿಯ ಹೆಸರು ಮಾತ್ರ ಎಲ್ಲಿಯೂ ಸಿಗುವುದಿಲ್ಲ... ಎರಡನೆಯ ಸಲ ತೋರಿಸಿ ಎಂದು ಕೇಳಿದ ನಾನು ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.