ಕಡಲಹುಲ್ಲಿನ ನಸೀಮಾ ಮೇಡಂ

ಕಡಲಹುಲ್ಲು ಕೀಳಲು ನೀರಿಗಿಳಿಯುವ ಮೊದಲು ನಸೀಮಾ ಮೇಡಂ ಮೂಗುಬೊಟ್ಟು ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕುತ್ತಿದ್ದರು. ಆಮೇಲೆ ಉಂಗುರ, ವಾಚು. ನಂತರ ನಮ್ಮ ಕಡೆ ತಿರುಗುತ್ತಿದ್ದರು. ನನ್ನ ಬಳೆಯಾಗಲಿ, ಡ್ರೈವರ್ ಇಮ್ತಿಯಾಜನ ತಾಮ್ರದ ತಾಯತವಾಗಲಿ ದಡ ದಾಟುವಂತಿರಲಿಲ್ಲ.

"ಅಮ್ಮಿ ಕಟ್ಟಿದ್ದು ಮೇಡಂ, ಬಿಚ್ಚಂಗಿಲ್ಲ," ಎಂದ ಇಮ್ತಿಯಾಜ್ ಒಮ್ಮೆ.

"ಬಿಚ್ಚಬೇಡಪ್ಪ. ಅಮ್ಮಿ ಮಾತು ಮೀರಬಾರ್ದು. ನೀನು ದಡದಲ್ಲೇ ಇರು."

ನಮ್ಮ ಪ್ರಯೋಗಾಲಯ ಇರುವುದು ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಮಹಡಿಯಲ್ಲಿ. ಕೆಲಸ ಮಾತ್ರ ಘಟ್ಟದ ಕೆಳಗೆ, ಹೊಳೆ ಸಮುದ್ರ ಸೇರುವಲ್ಲಿ. ಅಲ್ಲಿ ಮೊಣಕಾಲುದ್ದದ ನೀರಿನ ತಳದಲ್ಲಿ ಸಣ್ಣ ಹುಲ್ಲು ಬೆಳೆಯುತ್ತದೆ. ಮೀನಿನ ಮರಿಗಳು ಅದರೊಳಗೆ ಅಡಗುತ್ತವೆ. ನೀರಿಗೆ ಬಿದ್ದ ಲೋಹ ತಳದ ಕೆಸರಿನಲ್ಲಿ ಕೂತು, ಅಲ್ಲಿಂದ ಹುಲ್ಲಿನ ಬೇರಿಗೆ ಹೋಗುತ್ತದೆ. ಎಷ್ಟು ಹೋಗಿದೆ ಎಂದು ಅಳೆಯುವವರು ನಾವು. ಸ್ಟೀಲ್ ಚಮಚ ತಾಗಿದರೂ ಲೆಕ್ಕ ಕೆಡಬಹುದಾದಷ್ಟು ಸೂಕ್ಷ್ಮ ಅಳತೆ.

ಮೇಡಂ ಹುಟ್ಟಿದ್ದು ಭದ್ರಾವತಿಯಲ್ಲಿ. ತಂದೆ ಎರಕದ ಕೆಲಸದವರು. "ಅಬ್ಬಾ ಅಂಗಿ ಒದರಿದ್ರೆ ನೆಲದ ಮೇಲೆ ಕಪ್ಪು ಪುಡಿ ಬೀಳ್ತಿತ್ತು ಮಾರಾಯ್ತಿ. ಅಮ್ಮಿ ಪೊರಕೆ ಹಿಡಿಯೋಳು, ನಾನು ಅಯಸ್ಕಾಂತ ಹಿಡ್ಕೊಂಡು ಓಡೋಳು," ಎನ್ನುತ್ತಿದ್ದರು. ಪ್ರಯೋಗಾಲಯದಲ್ಲಿ ಯಾರಾದರೂ "ಈ ನೀರು ಶುದ್ಧವಾಗಿದೆ" ಎಂದರೆ ಅವರಿಗಾಗುತ್ತಿರಲಿಲ್ಲ. "ಶುದ್ಧ ಅನ್ಬೇಡ. ಎಷ್ಟಿದೆ ಹೇಳು." ನಾನು ದಿನಚರಿ ಬರೆಯುವವಳು. ಅವರು ಬೈದ ದಿನಗಳಿಗೆ ಒಂದು ಗುರುತು, ಹೊಗಳಿದ ದಿನಗಳಿಗೆ ಇನ್ನೊಂದು. ಎರಡನೆಯ ಗುರುತು ಇರುವುದು ಎರಡೇ ಕಡೆ.

ಅವರ ನಿವೃತ್ತಿ ಹತ್ತಿರವಿದ್ದಾಗ, ಸದಾನಂದ ಎಂಬವರ ದೋಣಿ ರಿಪೇರಿ ಶೆಡ್ಡಿನ ಪಕ್ಕದ ಹುಲ್ಲಿನಲ್ಲಿ ಸತುವು ವಿಪರೀತ ಕಂಡಿತು. ಮೇಡಂ ಸಾಮಾನ್ಯವಾಗಿ ಎರಡನೇ ಸಲ ಅಳೆಯದೆ ಬಾಯಿ ಬಿಡುವವರಲ್ಲ. ಆ ದಿನ ಮಾತ್ರ ಊರಿನ ಮೀನುಗಾರರ ಸಮಿತಿಗೆ ಫೋನ್ ಮಾಡಿದರು. ಹೋಗುವ ಮೊದಲು ಒಂದು ಕೆಲಸವಾದರೂ ಊರಿಗೆ ಉಪಯೋಗವಾಗಲಿ ಎಂಬ ಆತುರ. ಮೀನಿನ ಮರಿ ಕಡಿಮೆಯಾದ ಸಿಟ್ಟಿನಲ್ಲಿದ್ದ ಸಮಿತಿಯವರು ಸಂಜೆಯೊಳಗೆ ಶೆಡ್ಡಿಗೆ ಬೀಗ ಹಾಕಿದರು. ಅಲ್ಲಿ ದುಡಿಯುತ್ತಿದ್ದವರು ಮನೆಗೆ ಹೋದರು.

ಮರುವಾರ ನಾನು ಅದೇ ಹುಲ್ಲನ್ನು ಚೀಲ ಚೀಲವಾಗಿ ಮತ್ತೆ ಅಳೆದೆ. ಒಂದೇ ಜಾಗದ ಹುಲ್ಲು, ಕೆಲವು ಚೀಲಗಳಲ್ಲಿ ಸತುವು ಹೆಚ್ಚು, ಕೆಲವುಗಳಲ್ಲಿ ಬಹಳ ಕಡಿಮೆ. ಹೆಚ್ಚಿದ್ದ ಚೀಲಗಳ ಮೇಲೆಲ್ಲ ಮೇಡಂ ಅಕ್ಷರ. ಕಡಿಮೆಯಿದ್ದವು ನಾನು ತುಂಬಿದವು. ತೋರಿಸಿದೆ. ಅವರು ತಮ್ಮ ಅಂಗೈ ನೋಡಿಕೊಂಡರು. ಬೇರು ತುಂಡಾಗಬಾರದೆಂದು ಅವರು ಕೈಗವಸು ಕಳಚಿ ಬರಿಗೈಯಲ್ಲಿ ಹುಲ್ಲು ಬಿಡಿಸುತ್ತಿದ್ದರು. ಬೆವರುಗುಳ್ಳೆಗೆ ಹಚ್ಚುತ್ತಿದ್ದ ಮುಲಾಮಿನ ಟ್ಯೂಬನ್ನು ಪರ್ಸಿನಿಂದ ತೆಗೆದು, ಕನ್ನಡಕ ಹಣೆಗೇರಿಸಿ, ಹಿಂಬದಿಯ ಸಣ್ಣಕ್ಷರ ಓದಿದರು. ಅದರ ಮೊದಲ ಹೆಸರೇ ಸತುವಿನದು.

"ನಿನ್ನ ಬಳೆ ಬಿಚ್ಚಿಸಿದೆ ನಾನು," ಎಂದರು.

"ವರದಿಯಲ್ಲಿ ಸರಿ ಮಾಡೋಣ ಮೇಡಂ."

"ಬೀಗ ವರದಿಗೆ ಹಾಕಿಲ್ಲ ಮಾರಾಯ್ತಿ, ಬಾಗಿಲಿಗೆ ಹಾಕಿದಾರೆ. ನಾಳೆ ಹೊರಡು."

ಸಮಿತಿಯ ಎಲ್ಲರೂ ಸೇರಿದ್ದರು. ಮೇಡಂ ನಿಂತೇ ಹೇಳಿದರು: ಸತುವು ಶೆಡ್ಡಿನದಲ್ಲ, ನನ್ನ ಕೈಯದು. ಸದಾನಂದ ಮೂಲೆಯಲ್ಲಿ ಕೂತಿದ್ದರು.

"ಹಾಗಾರೆ ಬೀಗ ಹಾಕ್ಬೇಕಾದ್ದು ನಿಮ್ಮ ಕೈಗೆ," ಎಂದರು. ಒಂದಿಬ್ಬರು ನಕ್ಕರು.

"ಹೌದು. ಮೊದಲು ಶೆಡ್ ತೆಗೀರಿ. ಕೈ ಇಲ್ಲೇ ಇದೆ."

ಬೀಗ ತೆಗೆಯುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಎರಡನೇ ಸಲ ಹುಲ್ಲು ತರಲು ಹೋದಾಗ ನೀರಿಗೇ ಇಳಿಯಲಿಲ್ಲ. ಇಮ್ತಿಯಾಜನ ಪಕ್ಕ ದಡದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ ನನಗೆ ಅಲ್ಲಿಂದಲೇ ಬೈದರು.

ಆ ಹುಲ್ಲಿನಲ್ಲಿ ಸತುವು ಸರಿಯಾಗಿತ್ತು. ಆದರೆ ಮೊದಲ ಸಲ ಅಳೆಯದೆ ಬಿಟ್ಟಿದ್ದ ತಾಮ್ರ, ಶೆಡ್ಡಿನ ಹತ್ತಿರ ನಿಜಕ್ಕೂ ಹೆಚ್ಚಿತ್ತು. ಮೂರು ಸಲ ಅಳೆದೆ. ಚಿಪ್ಪು ಹತ್ತದಂತೆ ದೋಣಿಯ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರವಿರುತ್ತದೆ. ಹಳೆಯ ಬಣ್ಣ ಕೆರೆದಾಗ ಅದು ನೀರಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಮೇಡಂ ನಿವೃತ್ತರಾಗಿ ಭದ್ರಾವತಿಯ ತಮ್ಮನ ಮನೆಯಲ್ಲಿದ್ದರು. ಎದೆನೋವು, ಘಟ್ಟದ ಪ್ರಯಾಣ ಬೇಡವೆಂದಿದ್ದರು ಡಾಕ್ಟರು. ನಾನು ಹೋಗಿ ಅಂಕಿಗಳನ್ನು ಮುಂದಿಟ್ಟೆ. ದಿಂಬಿಗೊರಗಿ ಪ್ರತಿಯೊಂದನ್ನೂ ನೋಡಿದರು.

"ಅವರು ಇನ್ನು ನಮ್ಮನ್ನ ನಂಬಲ್ಲ ಮೇಡಂ."

"ನಂಬದೇ ಇರೋದಕ್ಕೆ ಕಾರಣ ಕೊಟ್ಟಿದ್ದು ನಾನು. ಅವರ ಮೇಲೆ ಸಿಟ್ಟು ಮಾಡ್ಕೋಬೇಡ. ಹೋಗಿ ಹೇಳು. ಮುಚ್ಚಿ ಅನ್ಬೇಡ, ಕೆರೆಯೋವಾಗ ಕೆಳಗೆ ಟಾರ್ಪಾಲ್ ಹಾಸಿ ಅನ್ನು. ಕೆರೆದಿದ್ದನ್ನ ನೀರಿಗೆ ಬಿಡಬೇಡಿ ಅನ್ನು."

ಅದೇ ಕೊನೆಯ ಭೇಟಿ.

ನಾನು ಘಟ್ಟ ಇಳಿದಾಗ ಸದಾನಂದ ದೋಣಿಯೊಂದರ ಅಡಿಯಲ್ಲಿ ಮಲಗಿ ಬಣ್ಣ ಕೆರೆಯುತ್ತಿದ್ದರು. ತಾಮ್ರದ ವಿಷಯ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಆ ಮೇಡಂ ಬರ್ಲಿಲ್ವಾ? ಅವ್ರು ಹೇಳಿದ್ರೆ ಕೇಳ್ತಿದ್ದೆ."

ಮೇಡಂ ತೀರಿಕೊಂಡು ಎರಡು ವಾರವಾಗಿದೆ ಎಂದೆ. ಕೆರೆಯುವ ಸದ್ದು ನಿಂತಿತು. ಅವರು ಅಡಿಯಿಂದ ಹೊರಬಂದು, ಕೈ ಒರೆಸಿಕೊಂಡು, ನನಗೊಂದು ಸ್ಟೂಲು ಎಳೆದು ಹಾಕಿದರು.

"ಕೂತ್ಕೊಳ್ಳಿ. ತಾಮ್ರ ಎಲ್ಲಿಂದ ಅಂದ್ರಿ? ಮೊದಲಿಂದ ಹೇಳಿ."