ಪ್ರಿಂಟರ್ ಮೇಡಂ ಕಲೆಯ ದಾರಿ ಹಿಡಿದದ್ದು

ಕೆಲವರಿಗೆ ಕೈಗುಣ ಎನ್ನುವುದು ಇರುತ್ತದೆ. ಅವರು ನೆಟ್ಟ ಕಡ್ಡಿ ಚಿಗುರುತ್ತದೆ, ಕೊಟ್ಟ ಮದ್ದು ಹತ್ತುತ್ತದೆ. ಈಕೆಗೂ ಕೈಗುಣ ಧಾರಾಳವಾಗಿಯೇ ಇತ್ತು, ತಿರುಗುಮುರುಗಾಗಿ ಅಷ್ಟೆ. ಜೀವರಸಾಯನ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿದ ಮೊದಲ ವರ್ಷದಲ್ಲೇ ಅವಳು ಮುಟ್ಟಿದ ಕಿಣ್ವಗಳೆಲ್ಲ ಒಂದರ ಹಿಂದೊಂದು ಪ್ರಾಣ ಬಿಟ್ಟವು. ಕಿಣ್ವವೆಂದರೆ ಜೀವಕೋಶದೊಳಗಿನ ಕೆಲಸದಾಳು, ಪ್ರೋಟೀನಿನದೊಂದು ಕಣ್ಣಿಗೆ ಕಾಣದ ಉಂಡೆ. ಆದರೆ ಅದರ ಠೀವಿ ಮಾತ್ರ ಹೊಸ ಅಳಿಯನದು. ಬಿಸಿ ಹೆಚ್ಚಾದರೆ ಮುನಿಸು, ಉಪ್ಪು ಕಡಿಮೆಯಾದರೆ ಮುನಿಸು, ಸ್ವಲ್ಪ ಜೋರಾಗಿ ಅಲ್ಲಾಡಿಸಿದರೂ ಮುನಿಸು. ಮುನಿಸಿಕೊಂಡರೆ ಮತ್ತೆ ರಮಿಸುವ ಮಾತೇ ಇಲ್ಲ, ನೇರ ತೊಟ್ಟಿಗೆ.

ಒಂದು ಶನಿವಾರ ಅವಳು ಡೀಪ್ ಫ್ರೀಜರಿನ ಬಾಗಿಲು ಹಾಕಿದಳು. ಹಾಕಿದೆನೆಂದು ಅವಳ ನಂಬಿಕೆ. ಬಾಗಿಲಿನ ಅಭಿಪ್ರಾಯ ಬೇರೆ ಇತ್ತು. ಸೋಮವಾರ ಬೆಳಿಗ್ಗೆ ಅವಳ ಗೈಡ್ ಬಂದು ನೋಡಿದಾಗ, ಅವರು ಬಹುಕಾಲದಿಂದ ಕೂಡಿಟ್ಟುಕೊಂಡಿದ್ದ ಶುದ್ಧ ಕಿಣ್ವವೆಲ್ಲ ಪುಟ್ಟ ಪುಟ್ಟ ಕೊಳವೆಗಳಲ್ಲಿ ಹುಳಿವಾಸನೆ ಬೀರುತ್ತ ಕೂತಿತ್ತು. ಗೈಡ್ ಕೂಗಾಡುವ ಜಾತಿಯವರಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೆತ್ತಗೆ ಹೇಳಿದರು.

"ಇನ್ಮೇಲೆ ಇಲ್ಲಿ ಏನನ್ನೂ ಮುಟ್ಬೇಡಮ್ಮ. ಆ ಮೂಲೇಲಿ ಒಂದು ಕಂಪ್ಯೂಟರ್ ಇದೆ ನೋಡು, ಅದರ ಮುಂದೆ ಕೂತ್ಕೋ. ಅದಾದ್ರೆ ಆಗಲೇ ಕೆಟ್ಟಿದೆ."

ದೊಡ್ಡವರ ಜೀವನಕಥೆಗಳಲ್ಲಿ ಗುರುಗಳು ಶಿಷ್ಯರ ಒಳಗಿನ ಬೆಳಕನ್ನು ಗುರುತಿಸಿ ದಾರಿ ತೋರುತ್ತಾರಂತೆ. ಇವಳಿಗೆ ಗುರುಗಳು ತೋರಿಸಿದ್ದು ಮೂಲೆ. ಗಣಕದ ಮೂಲಕ ಜೀವರಸಾಯನ ಮಾಡುವ ಒಂದು ವೃತ್ತಿಜೀವನ ಹಾಗೆ ಶುಭಾರಂಭವಾಯಿತು.

ಆ ಮೂಲೆಯ ಪಕ್ಕದಲ್ಲಿ ಕೈತೊಳೆಯುವ ತೊಟ್ಟಿ, ಹಿಂದೆ ಮುರಿದ ಕುರ್ಚಿಗಳ ರಾಶಿ. ಅಲ್ಲಿ ಕೂತು ಅವಳು ಕಂಪ್ಯೂಟರನ್ನು ರಿಪೇರಿ ಮಾಡಿದಳು; ಅದು ಬಿಚ್ಚಿಟ್ಟರೂ ಸಾಯದ ವಸ್ತುವಾದ್ದರಿಂದ ಅವಳ ಕೈಗೆ ಒಗ್ಗಿತು. ಆಮೇಲೆ ಕಿಣ್ವದ ಒಂದೊಂದು ಪರಮಾಣುವನ್ನೂ ಲೆಕ್ಕದಲ್ಲಿ ಕೂರಿಸಿ, ಸುತ್ತ ನೀರು ತುಂಬಿ, ಅವೆಲ್ಲ ಒಂದನ್ನೊಂದು ತಳ್ಳಿ ಎಳೆದು ಹೇಗೆ ನಡೆದುಕೊಳ್ಳುತ್ತವೆಂದು ಯಂತ್ರದಿಂದಲೇ ಲೆಕ್ಕ ಹಾಕಿಸುವ ವಿದ್ಯೆ ಕಲಿತಳು. ಒಂದು ಮಧ್ಯಾಹ್ನ ಪರದೆಯ ಮೇಲೆ ಆ ಉಂಡೆ ಮೊದಲ ಸಲ ಅಲುಗಿತು. ಪುಸ್ತಕದ ಚಿತ್ರದಲ್ಲಿ ಕಲ್ಲಿನಂತೆ ಕೂತಿದ್ದದ್ದು ಇಲ್ಲಿ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು, ಒಂದು ಮಡಿಕೆ ಬಾಗಿಲಿನಂತೆ ತೆರೆದು ಮುಚ್ಚುತ್ತಿತ್ತು. ಅವಳು ಕೈಯಲ್ಲಿದ್ದ ಕಾಫಿ ಆರುವವರೆಗೂ ನೋಡುತ್ತ ಕೂತಳು. ಇಷ್ಟು ಹತ್ತಿರದಿಂದ ನೋಡಿಯೂ ತಾನೊಂದನ್ನು ಕೊಲ್ಲದೆ ಬಿಟ್ಟದ್ದು ಇದೇ ಮೊದಲು ಅನ್ನಿಸಿತು.

ಆ ಬೆರಗು ಅವಳೊಬ್ಬಳದೇ. ಗೈಡ್ ಬಂದು ನೋಡಿ, "ಚೆನ್ನಾಗಿದೆ, ಕಾರ್ಟೂನ್ ಥರ ಇದೆ" ಅಂದರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ನಿನ್ನ ಕೈ ನೋಡು, ಎಷ್ಟು ಚೊಕ್ಕವಾಗಿದೆ!"

ಹೊಗಳಿಕೆಯೋ ತೆಗಳಿಕೆಯೋ ಎಂದು ಅವಳು ಯೋಚಿಸುವಷ್ಟರಲ್ಲಿ ಅವರು ಮುಂದಿನ ಮಾತು ಆಡಿದ್ದರು: "ಹೇಗೂ ಕೂತಿದ್ದೀಯಲ್ಲ, ಆ ಪ್ರಿಂಟರ್ ಯಾಕೋ ಕಾಗದ ಎಳೀತಿಲ್ಲ, ಸ್ವಲ್ಪ ನೋಡು."

ನೋಡಿದಳು. ಅದೇ ತಪ್ಪಾಯಿತು. ಅಂದಿನಿಂದ ಇಡೀ ಕಟ್ಟಡದಲ್ಲಿ ಅವಳು ಪ್ರಿಂಟರ್ ಮೇಡಂ. ಪಿಎಚ್‌ಡಿ ಮುಗಿಯಿತು, ಅದೇ ವಿಭಾಗದಲ್ಲಿ ತಾತ್ಕಾಲಿಕ ಸಂಶೋಧಕಿಯ ಕೆಲಸವೂ ಸಿಕ್ಕಿತು, ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ತಾತ್ಕಾಲಿಕ ಎಂಬ ಪದಕ್ಕೆ ಆ ಸಂಸ್ಥೆಯಲ್ಲಿ ಚಿರಂಜೀವಿ ಎಂದು ಅರ್ಥ. ವರ್ಷವರ್ಷವೂ ಮುಗಿಯುವ, ವರ್ಷವರ್ಷವೂ ಯಾರದೋ ಮರ್ಜಿಯಿಂದ ಮತ್ತೆ ಹುಟ್ಟುವ ಹುದ್ದೆ ಅದು. ಜೀವಶಾಸ್ತ್ರದವರ ಸಭೆಗೆ ಹೋದರೆ, "ಓ, ನೀವು ಕಂಪ್ಯೂಟರ್‌ನೋರಲ್ವಾ" ಎಂದು ಪ್ರೊಜೆಕ್ಟರಿನ ತಂತಿ ಕೈಗೆ ಕೊಡುತ್ತಿದ್ದರು. ಕಂಪ್ಯೂಟರಿನವರ ಸಭೆಗೆ ಹೋದರೆ, "ಓ, ನೀವು ಬಯಾಲಜಿಯೋರಲ್ವಾ" ಎಂದು ತಮ್ಮ ಮಂಡಿನೋವಿಗೆ ಮದ್ದು ಕೇಳುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ನಡುವಿನ ಜಾಗದಲ್ಲಿ ಇವಳು ವರ್ಷಗಟ್ಟಲೆ ಸಂಸಾರ ಹೂಡಿದಳು.

ಮನೆಯಲ್ಲಿ ಅಮ್ಮ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದವಳು. ಪ್ರತಿಯೊಂದಕ್ಕೂ ಒಂದು ಗೂಡು ಇರಬೇಕೆಂಬುದು ಅವಳ ಸಿದ್ಧಾಂತ, ಮಗಳ ಕೆಲಸಕ್ಕೆ ಗೂಡೇ ಸಿಗದೆ ಒದ್ದಾಡುತ್ತಿದ್ದಳು.

"ಪಕ್ಕದ ಮನೆಯೋರು ಕೇಳಿದ್ರೆ ಏನಂತ ಹೇಳ್ಲಿ? ಡಾಕ್ಟ್ರು ಅನ್ನಲಾ?"

"ಡಾಕ್ಟ್ರೇ ಅಮ್ಮ. ಆದ್ರೆ ಆ ಡಾಕ್ಟ್ರಲ್ಲ."

"ಹಂಗಾದ್ರೆ ಕಂಪ್ಯೂಟರ್ ಇಂಜಿನಿಯರ್?"

"ಅದೂ ಅಲ್ಲ. ಪ್ರೋಟೀನ್ ಹೇಗೆ ಅಲ್ಲಾಡುತ್ತೆ ಅಂತ ನೋಡ್ತೀನಿ."

ಅಮ್ಮ, "ಅಲ್ಲಾಡಿದ್ರೆ ಅಲ್ಲಾಡ್ಲಿ ಬಿಡು, ಅದನ್ನ ನೋಡೋಕೆ ಸಂಬಳ ಕೊಡ್ತಾರಲ್ಲ, ಅದು ದೊಡ್ಡದು" ಅಂದಳು.

ಹೀಗಿರುವಾಗ ಗಾಳಿ ಬದಲಾಯಿತು. ಯಾವಾಗ, ಯಾಕೆ ಎಂದು ಹೇಳುವುದು ಕಷ್ಟ. ಒಂದು ದಿನ ಎಲ್ಲರೂ ಗಣಕ ವಿಜ್ಞಾನವನ್ನು ಮೊದಲಿನಿಂದಲೂ ತಾವೇ ಬೆಂಬಲಿಸುತ್ತಿದ್ದೆವು ಎಂದು ನೆನಪಿಸಿಕೊಳ್ಳತೊಡಗಿದರು. ಅವಳ ಪರದೆಯನ್ನು ಕಾರ್ಟೂನ್ ಎಂದಿದ್ದ ಗೈಡ್ ಈಗ ಅತಿಥಿಗಳನ್ನು ಅದೇ ಮೂಲೆಗೆ ಕರೆತಂದು, "ಇದು ನಮ್ಮ ಕನಸು" ಎನ್ನುತ್ತಿದ್ದರು. ಸಂಸ್ಥೆ ಒಂದು ಹೊಸ ಕೇಂದ್ರ ತೆರೆಯಲು ನಿರ್ಧರಿಸಿತು. ಗಾಜಿನ ಗೋಡೆ, ತಿರುಗುವ ಕುರ್ಚಿ, ಬಾಗಿಲಲ್ಲಿ ಕುಂಡದ ಗಿಡ, ಎಲ್ಲ ಬಂತು. ಬೇಕಾಗಿದ್ದುದು ಮುಖ್ಯಸ್ಥರು ಮಾತ್ರ. ಅವಳು ಅರ್ಜಿ ಹಾಕಿದಳು. ಆ ಊರಲ್ಲಿ ಆ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ ಆದ್ದರಿಂದ, ಮೂರ್ಖಳು, ತನಗೇ ಸಿಗುತ್ತದೆಂದುಕೊಂಡಳು.

ಸಂದರ್ಶನದಲ್ಲಿ ಗೈಡ್ ನಡುವಿನ ಕುರ್ಚಿಯಲ್ಲಿದ್ದರು. ಎಲ್ಲರೂ ನಕ್ಕು ಮಾತಾಡಿಸಿದರು. ಅವಳು ಏನು ಮಾಡಿದ್ದಾಳೆಂದು ಯಾರೂ ಕೇಳಲಿಲ್ಲ; ಕೇಂದ್ರ ಮುಂದೆ ಏನಾಗಬೇಕೆಂದು ಕೇಳಿದರು. ಅವಳು, ಯಂತ್ರಗಳಿಗೆ ತಂಪು ಗಾಳಿ ಸರಿಯಾಗಿ ಬರಬೇಕು ಎಂದಳು. ಅವಳ ನಂತರ ಹೋದವನು, ಮನುಕುಲದ ಭವಿಷ್ಯ ಎಂದನಂತೆ. ಅವನಿಗಾಯಿತು.

ಗೈಡ್ ಅವಳನ್ನು ಕರೆದು ಸಮಾಧಾನ ಮಾಡಿದರು. "ಬೇಜಾರ್ ಮಾಡ್ಕೋಬೇಡಮ್ಮ. ಹೊರಗಿನೋರು ಬಂದ್ರೆ ಒಂದು ಹೊಸ ದೃಷ್ಟಿ ಬರುತ್ತೆ. ನೀನು ಮನೆಯವಳೇ ಅಲ್ವಾ, ಎಲ್ಲಿಗೆ ಹೋಗ್ತೀಯ?"

ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಹೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಹೊಸ ಮುಖ್ಯಸ್ಥರು ಚಂದದ ಮನುಷ್ಯ. ಅವರ ಸ್ಲೈಡುಗಳು ಅವರಿಗಿಂತ ಚಂದ. ಬಂದ ಮೊದಲ ವಾರವೇ ಅವಳ ಹತ್ತಿರ ಬಂದು, "ಮೇಡಂ, ನಿಮ್ಮ ಫೈಲುಗಳನ್ನೆಲ್ಲ ನನಗೆ ಕೊಟ್ಟು, ಅವನ್ನ ಹೇಗೆ ಓಡಿಸೋದು ಅಂತ ತೋರಿಸ್ಬಿಡಿ. ದೂರದೃಷ್ಟಿ ನಾನು ನೋಡ್ಕೋತೀನಿ" ಅಂದರು. ಅವಳು ತೋರಿಸಿದಳು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಒಂದೊಂದನ್ನೂ ಬಿಡಿಸಿ ಹೇಳಿಕೊಟ್ಟಳು. ಅರ್ಧಂಬರ್ಧ ಹೇಳಿ ಕೆಡಿಸೋಣ ಎಂದು ಮನಸ್ಸು ಹೇಳಿದರೂ, ಲೆಕ್ಕ ತಪ್ಪಾದರೆ ಪಾಪ ಆ ಪ್ರೋಟೀನಿನದೇನು ತಪ್ಪು ಎನ್ನಿಸಿತು. ಎಲ್ಲ ಹೇಳಿಕೊಟ್ಟ ಮೇಲೆ ರಾಜೀನಾಮೆ ಕೊಟ್ಟಳು.

"ಎಲ್ಲಿಗಮ್ಮ?" ಗೈಡ್ ಗಾಬರಿಯಾದರು.

"ಬಟ್ಟೆ ಸೋಪಿನ ಪುಡಿಗೆ ಕಿಣ್ವ ಮಾಡೋ ಕಂಪನಿಗೆ, ಸರ್."

ವಿಭಾಗದಲ್ಲಿ ಆ ವಾರವೆಲ್ಲ ನಗೆಹಬ್ಬ. ಅಮ್ಮ ಮಾತ್ರ ನಗಲಿಲ್ಲ. "ಅಷ್ಟೆಲ್ಲ ಓದಿ, ಕೊನೆಗೆ ಬಟ್ಟೆ ಒಗೆಯೋಕ್ಕೇ ಹೋದ್ಯಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಕಂಪನಿ ಇದ್ದದ್ದು ಊರಾಚೆಯ ಕೈಗಾರಿಕಾ ಬೀದಿಯಲ್ಲಿ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಹಿಂದೆ. ದೊಡ್ಡ ತೊಟ್ಟಿಗಳಲ್ಲಿ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾ ಕುದಿಯದೆಯೇ ನೊರೆಗಟ್ಟುತ್ತಿದ್ದವು. ಇಡೀ ಕಟ್ಟಡ ಒದ್ದೆ ಕಾಲುಚೀಲದ ವಾಸನೆ ಹೊಡೆಯುತ್ತಿತ್ತು. ಪ್ರಯೋಗಾಲಯಕ್ಕೆ ಒಬ್ಬನೇ ಒಡೆಯ. ಹನಿ ಅಳೆದು ಹಾಕುವ ಪಿಪೆಟ್ ಒತ್ತಿ ಒತ್ತಿ ಹೆಬ್ಬೆರಳು ದಪ್ಪಗಾಗಿದ್ದರಿಂದ ಎಲ್ಲರೂ ಅವನನ್ನು ಹೆಬ್ಬೆಟ್ಟಣ್ಣ ಎನ್ನುತ್ತಿದ್ದರು. ಅವಳ ಯಂತ್ರಗಳು ಬಂದು ಇಳಿದಾಗ ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ:

"ನಿಮ್ಮ ಕಂಪ್ಯೂಟರಲ್ಲಿ ಕೊಳೆ ಇರುತ್ತಾ ಮೇಡಂ?"

"ಇಲ್ಲ."

"ಮತ್ತೆ ತೊಳೆಯೋದು ಏನನ್ನ?"

ಅವಳ ಬಳಿ ಉತ್ತರವಿತ್ತು, ಕೇಳುವ ವ್ಯವಧಾನ ಅವನಲ್ಲಿರಲಿಲ್ಲ.

ಕಂಪನಿಯ ತೊಂದರೆ ಇಷ್ಟು. ಪ್ರೋಟೀನಿನ ಕಲೆ ತಿನ್ನುವ ಅವರ ಕಿಣ್ವ ಸೋಪಿನ ಪುಡಿಯ ಜೊತೆ ಸೇರಿದೊಡನೆ ಸಾಯುತ್ತಿತ್ತು. ನೀರಿನ ಗಡಸು ತೆಗೆಯಲು ಪುಡಿಗೆ ಹಾಕುವ ವಸ್ತು ಕಿಣ್ವದೊಳಗಿನ ಸುಣ್ಣದಂಶವನ್ನೂ ಕಿತ್ತುಕೊಳ್ಳುತ್ತಿತ್ತು. ಅದು ಹೋದರೆ ಒಂದು ಮಡಿಕೆ ಗಾಳಿಗೆ ಸಿಕ್ಕ ಕಿಟಕಿಯಂತೆ ಬಡಿದುಕೊಂಡು ಇಡೀ ಕಿಣ್ವವೇ ಬಿಚ್ಚಿಹೋಗುತ್ತಿತ್ತು. ಅವಳು ಪರದೆಯ ಮೇಲೆ ಆ ಮಡಿಕೆಯನ್ನು ಎಲ್ಲ ಕಡೆಯಿಂದ ಬಿಗಿಯುವ ಐದು ಬದಲಾವಣೆಗಳನ್ನು ಆರಿಸಿದಳು. ಲೆಕ್ಕದಲ್ಲಿ ಐದೂ ಬಂಡೆಯಂತೆ ನಿಂತವು. ಒಂದೊಂದಕ್ಕೂ ಒಂದು ಕಿಣ್ವ ಮಾಡಿ ಪರೀಕ್ಷಿಸಲೆಂದು ಹೆಮ್ಮೆಯಿಂದ ಹೆಬ್ಬೆಟ್ಟಣ್ಣನಿಗೆ ಕೊಟ್ಟಳು.

"ನನ್ನ ಪರೀಕ್ಷೆ ತಟ್ಟೇಲಿ ಸಾಲಿಗೆ ಆರು ಗುಳಿ ಮೇಡಂ. ಒಂದು ಯಾಕೆ ಖಾಲಿ ಬಿಡ್ಬೇಕು, ಇನ್ನೊಂದು ಕೊಡಿ."

ತಾನು ತಳ್ಳಿಹಾಕಿದ್ದರಲ್ಲೇ ಒಂದನ್ನು, ಮಡಿಕೆಯ ಹಿಂಬದಿಯ ಯಾವುದೋ ಮೂಲೆಯ ಬದಲಾವಣೆಯನ್ನು, ಗುಳಿ ತುಂಬಲಿ ಎಂದು ಕೊಟ್ಟಳು.

ಕೆಲವು ವಾರಗಳ ನಂತರ ಹೆಬ್ಬೆಟ್ಟಣ್ಣ ಗಂಭೀರವಾಗಿ ಬಂದ. "ಮೇಡಂ, ನಿಮ್ಮ ಐದೂ ಬಲು ಗಟ್ಟಿ. ಸೋಪಿಗೂ ಜಗ್ಗಲ್ಲ, ಬಿಸಿಗೂ ಜಗ್ಗಲ್ಲ."

ಅವಳ ಮುಖ ಅರಳಿತು.

"ಕೆಲಸಾನೂ ಮಾಡಲ್ಲ. ಹೆಣಕ್ಕಿಂತ ಗಟ್ಟಿ ಯಾವ್ದಿದೆ ಹೇಳಿ?"

ಆಮೇಲೆ ಅವನು ಜೇಬಿನಿಂದ ಒಂದು ತುಂಡು ಬಟ್ಟೆ ತೆಗೆದು ಮೇಜಿನ ಮೇಲೆ ಹಾಕಿದ. ರಕ್ತದ ಕಲೆಯಿದ್ದ ಜಾಗ ಅಚ್ಚ ಬಿಳುಪಾಗಿತ್ತು. "ಇದು ಆರನೇದು" ಎಂದ.

ಕಂಪನಿಯ ಮಾಲೀಕರು ಕುಣಿದಾಡಿದರು. ಕಂಪ್ಯೂಟರಿನ ಪವಾಡ ಎಂದು ಎಲ್ಲರಿಗೂ ಸಾರುತ್ತ ಬಂದ ಅವರನ್ನು ತಡೆದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸರ್, ಅದು ನಾನು ಬೇಡ ಅಂತ ಬಿಟ್ಟಿದ್ದು. ಗುಳಿ ತುಂಬ್ಲಿ ಅಂತ ಕೊಟ್ಟೆ."

"ಅಂದ್ರೆ ನೀವು ಕೊಟ್ಟ ಆರರಲ್ಲಿ ಒಂದು ತಾನೆ?"

"ಹೌದು, ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ. ಲಕ್ಷಾಂತರ ಸಾಧ್ಯತೆಗಳಲ್ಲಿ ನಮ್ಮ ಕಂಪ್ಯೂಟರ್ ಆರಿಸಿದ ಆರು! ಹಾಗೇ ಹಾಕಿಸೋಣ." ಹಾಗೆಯೇ ಹಾಕಿಸಿದರು. ಮಾಹಿತಿ ಪುಸ್ತಿಕೆಯಲ್ಲಿ ಅವಳ ಫೋಟೋ ಬಂತು, ಕೆಳಗೆ 'ದೂರದೃಷ್ಟಿ' ಎಂದಿತ್ತು. ಹಳೆಯ ಸಂಸ್ಥೆಯಲ್ಲಿ ಸರಿಯಾದುದನ್ನು ಮಾಡಿ ಪ್ರಿಂಟರ್ ಮೇಡಂ ಆಗಿದ್ದವಳು ಇಲ್ಲಿ ತಪ್ಪು ಮಾಡಿ ವಿಜ್ಞಾನಿಯಾದಳು.

ಬೇರೆಯವರಾಗಿದ್ದರೆ ಫೋಟೋಗೆ ಕಟ್ಟು ಹಾಕಿಸಿ ಸುಮ್ಮನಿರುತ್ತಿದ್ದರು. ಇವಳಿಗೆ ಹೊಗಳಿಕೆ ಅರಗಲಿಲ್ಲ. ಬೇಡವೆಂದದ್ದು ಗೆದ್ದದ್ದು ಯಾಕೆ? ಆ ಆರನೆಯದನ್ನು ಮತ್ತೆ ಮತ್ತೆ ಓಡಿಸಿದಳು. ತಿಂಗಳುಗಳೇ ಕಳೆದವು. ಇಷ್ಟು ದಿನ ಅವಳು ಕಣ್ಣಿಟ್ಟಿದ್ದುದು ಬಡಿದುಕೊಳ್ಳುವ ಮಡಿಕೆಯ ಮೇಲೆ. ಒಂದು ದಿನ ಬೇಸತ್ತು ಚಿತ್ರವನ್ನು ಹಿಂದುಮುಂದಾಗಿ ತಿರುಗಿಸಿದಾಗ ಕಂಡಿತು. ಅವಳ ಐದು ಬದಲಾವಣೆಗಳು ಬಾಗಿಲು ಬಡಿಯುತ್ತದೆಂದು ಬಾಗಿಲಿಗೇ ಮೊಳೆ ಹೊಡೆದಿದ್ದವು. ಒಳಗೆ ಹೋಗಿ ಕೆಲಸ ಮಾಡುವುದಾದರೂ ಹೇಗೆ? ಆರನೆಯದು ಹಿಂದಿದ್ದ ಕೀಲನ್ನು ಬಿಗಿ ಮಾಡಿತ್ತು, ಅಷ್ಟೆ. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕಿತ್ತುಕೊಂಡು ಬರುತ್ತಿರಲಿಲ್ಲ. ಅವಳು ಒಬ್ಬಳೇ ಕೂತು ತಲೆ ಚಚ್ಚಿಕೊಂಡು ನಕ್ಕಳು.

ಈ ಸಲ ಕೀಲುಗಳನ್ನೇ ಹುಡುಕಿ ಹೊಸ ಆರು ಕೊಟ್ಟಳು. ಮೂರು ಕೆಲಸ ಮಾಡಿದವು. ಮಾಲೀಕರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪವಾಡ ಆಗಲೇ ಆಗಿಹೋಗಿತ್ತಲ್ಲ. ಆದರೆ ಒಂದು ಬೆಳಿಗ್ಗೆ ಹೆಬ್ಬೆಟ್ಟಣ್ಣ ಎರಡು ಲೋಟ ಕಾಫಿ ಹಿಡಿದು ಅವಳ ಮೇಜಿನ ಬಳಿ ಬಂದು, ಗೋಡೆಯ ಕಡೆ ನೋಡುತ್ತ ಹೇಳಿದ:

"ಹೊಸದೊಂದು ಮಾಡೋಣ ಅಂತಿದೀನಿ. ಮಾಡೋಕೆ ಮುಂಚೆ ಸ್ವಲ್ಪ... ಅದೇ, ನಿಮ್ಮ ಕಾರ್ಟೂನಲ್ಲಿ ನೋಡಿ ಹೇಳ್ತೀರಾ? ಮೂರು ತಿಂಗಳು ಸುಮ್ಮನೆ ಹೆಬ್ಬೆಟ್ಟು ಸವೆಸೋದು ಯಾಕೆ."

ಆ ಮಾತು ಯಾವ ಪುಸ್ತಿಕೆಯಲ್ಲೂ ಅಚ್ಚಾಗಲಿಲ್ಲ. ಅವಳು ಮಾತ್ರ ಆ ದಿನ ಮನೆಗೆ ನಡೆದೇ ಹೋದಳು, ಬಸ್ಸು ಬಂದರೂ ಹತ್ತದೆ.

ಈಗ ಅವಳ ಕೈಕೆಳಗೆ ಇಬ್ಬರಿದ್ದಾರೆ, ಕೋಣೆಗೆ ಒಂದು ಕಿಟಕಿಯಿದೆ. ಬಂಧುಬಳಗದಲ್ಲಂತೂ ಅವಳ ಕೀರ್ತಿ ಹಬ್ಬಿದೆ. ಪ್ರೋಟೀನಿನ ಚಲನೆಯೆಂದರೆ ಆಕಳಿಸುತ್ತಿದ್ದವರೆಲ್ಲ ಈಗ ಕಲೆಯಾದ ಅಂಗಿ ಹಿಡಿದು ಬರುತ್ತಾರೆ. ಅವಳ ಚಿಕ್ಕಮ್ಮನದಂತೂ ಒಂದೇ ರಾಗ: "ವಿಜ್ಞಾನ ಓದ್ಲಿ ಅಂತ ಸೇರಿಸಿದ್ವಿ, ಕೊನೆಗೆ ಕಲೇಲಿ ಹೆಸರು ಮಾಡಿದ್ಲು ನೋಡಿ!" ಎಂದು ತಾನೇ ಹೇಳಿ ತಾನೇ ಬಿದ್ದು ಬಿದ್ದು ನಗುತ್ತಾಳೆ.

ಕಳೆದ ಭಾನುವಾರ ಅದೇ ಚಿಕ್ಕಮ್ಮ ಒಂದು ದಿಂಬಿನ ಚೀಲ ತಂದು ಮುಂದೆ ಹರಡಿದಳು. ನಡುವೆ ಅಂಗೈಯಗಲ ನೀಲಿ.

"ಏನಿದು ಚಿಕ್ಕಮ್ಮ?"

"ಪೆನ್ನಿಂದು ಮಸಿ. ನಿಮ್ಮ ಚಿಕ್ಕಪ್ಪ ಪದಬಂಧ ಬಿಡಿಸ್ತಾ ಹಂಗೇ ನಿದ್ದೆ ಹೋದ್ರು. ನಿನ್ನ ಪುಡಿ ಎರಡು ಸಲ ಹಾಕ್ದೆ, ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ."

"ಅದು ಮಸಿಗೆ ಆಗಲ್ಲ. ರಕ್ತ, ಹಾಲು, ಮೊಟ್ಟೆ, ಇಂಥ ಪ್ರೋಟೀನಿನ ಕಲೆಗೆ ಮಾತ್ರ."

ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ವರ್ಷ ಓದಿ, ಮಸಿಗೆ ಆಗಲ್ವಾ?"

ಅವಳು ನಕ್ಕು ಚೀಲವನ್ನು ಮಡಿಸಿ ಕೊಟ್ಟಳು. ಸೋಮವಾರ ಕೆಲಸಕ್ಕೆ ಹೋದವಳೇ, ಮೊದಲು ಮಾಡಬೇಕಾದ್ದನ್ನೆಲ್ಲ ಪಕ್ಕಕ್ಕಿಟ್ಟು, ಬಣ್ಣ ಒಡೆಯುವ ಕಿಣ್ವ ಯಾವುದಾದರೂ ಇದೆಯೇ ಎಂದು ಹುಡುಕತೊಡಗಿದಳು.