ಅಮ್ಮನ ಮಗ್ಗುಲ ಜಾಗ

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಪರದೇಶದಲ್ಲಿ ನಾವಿದ್ದ ಟೂಂಗಾಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಜರ್ಮನ್ ಆಂಟಿ ಪ್ರತಿ ಶನಿವಾರ ಸಂಜೆ ತಮ್ಮ ಮನೆ ಮುಂದಿನ ಫುಟ್‌ಪಾತ್ ಗುಡಿಸಿ, ನಮ್ಮದನ್ನೂ ಗುಡಿಸಿಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಧಾರವಾಡದಲ್ಲಿ ನಸುಕಿಗೇ ಅಂಗಳ ಗುಡಿಸಿ ಬೆಳೆದವಳಿಗೆ ಈಕೆಯ ಪಾಠವೇ? ಒಂದು ದಿನ ಕೇಳಿಯೇಬಿಟ್ಟೆ.

"ನಮ್ಮೂರಲ್ಲಿ ಹಾಗೇ," ಎಂದರು.

ಒಂದು ಚರ್ಚು, ಒಂದು ಬೀದಿಯ ಊರಂತೆ. ಶನಿವಾರ ಸಂಜೆ ಗಂಟೆ ಹೊಡೆಯುವುದರೊಳಗೆ ಪ್ರತಿ ಮನೆಯವರೂ ಎದುರಿನ ಅರ್ಧ ಬೀದಿ ಗುಡಿಸಬೇಕು. ಗುಡಿಸದವರನ್ನು ಊರೆಲ್ಲ ಆಡಿಕೊಳ್ಳುತ್ತದೆ. ಆಮೇಲೆ ಹೆಂಗಸರು ಚರ್ಚಿನ ಹಿಂದಿನ ಸಮಾಧಿಗಳ ಹೂಗಿಡಕ್ಕೆ ನೀರು ಹಾಕಲು ಹೋಗುತ್ತಾರೆ. ಚಾಡಿ, ಮದುವೆ ಸುದ್ದಿ ಎಲ್ಲ ಅಲ್ಲೇ. ಅವರ ಅಮ್ಮನೂ ಅಲ್ಲೇ ಮಲಗಿದ್ದರು. ಆಂಟಿಯ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಂಟಿಗೆ ಬೇಕಿದ್ದುದು ಅಮ್ಮನ ಮಗ್ಗುಲಲ್ಲಿ ಒಂದಿಷ್ಟು ಜಾಗ, ಅಷ್ಟೇ.

ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದಾಗ, ನಡೆದಾಡುವಾಗಲೇ ಊರು ಸೇರುತ್ತೇನೆ ಎಂದು ಹೊರಡಲು ಸಿದ್ಧರಾದರು. ಕಿವಿ ಮಂದ. ಹಾಗಾಗಿ ನಾನೇ ಪಕ್ಕದ ಪೆಂಡಲ್ ಹಿಲ್‌ನ ಅಂಗಡಿಯಿಂದ ಫೋನ್ ಕಾರ್ಡ್ ತಂದು ಊರಲ್ಲಿದ್ದ ಅವರ ತಮ್ಮನ ಮಗನಿಗೆ ಫೋನ್ ಹಚ್ಚಿದೆ.

ಅಲ್ಲಿ ಸಮಾಧಿಗೂ ಅವಧಿ ಇರುತ್ತದಂತೆ. ಮುಗಿದಾಗ ಮನೆಯವರು ಹೋಗಿ ಮುಂದುವರಿಸಬೇಕು. ತಮ್ಮ ಸತ್ತ ಮೇಲೆ ಯಾರೂ ಹೋಗಿರಲಿಲ್ಲ. ಅಮ್ಮನ ಸಮಾಧಿಯ ಕಲ್ಲು ಕಿತ್ತು, ನೆಲ ಸಮ ಮಾಡಿ, ಹುಲ್ಲು ಬೆಳೆಸಿದ್ದರು.

ಆ ಸುದ್ದಿಯನ್ನು ನಾನು ಕೂಗಿ ಹೇಳಬೇಕಾಯಿತು. ಮೊದಲ ಸಲ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಅಯ್ಯೋ ಶಿವನೇ, ಅಂಥ ಮಾತನ್ನು ಯಾರ ಬಾಯಲ್ಲೂ ಎರಡು ಸಲ ಆಡಿಸಬೇಡಪ್ಪಾ! ನಮ್ಮ ಮನೆತನದಲ್ಲೂ ಮಣ್ಣು ಮಾಡುವುದೇ ರೂಢಿ. ಹೊಲದಲ್ಲಿ ಅಪ್ಪನನ್ನು ಮಣ್ಣು ಮಾಡಿದ ಜಾಗ ಕಣ್ಣಿಗೆ ಬಂತು.

ಆಂಟಿ ಅಳಲಿಲ್ಲ. "ಇಷ್ಟು ವರ್ಷ ಅಲ್ಲಿ ಯಾರೋ ನೀರು ಹಾಕುತ್ತಿದ್ದಾರೆ ಅಂದುಕೊಂಡಿದ್ದೆ," ಎಂದರು.

ಮುಂದಿನ ಶನಿವಾರ ಗುಡಿಸುವ ಸದ್ದಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಎರಡೂ ಮನೆಯ ಮುಂದೆ ಎಲೆ ಬಿದ್ದಿತ್ತು. ಕೆಲಸದಿಂದ ಬಂದ ಗಂಡ ಕೇಳಿದರು, "ಆಂಟಿ ಕಾಣವಲ್ರು? ಊರಿಗೆ ಹೋದ್ರೇನು?"

"ಯಾವ ಊರ್ರೀ?" ಎಂದು ರೇಗಿದೆ. "ಒಳಗಽ ಕುಂತಾರ. ಎಲ್ಲಿಗಂತ ಹೋಗಬೇಕು ಆಕಿ?"